ಹೊಗೆಯ ಹಿಂದಿನ ಗಂಧಕ

ನಮ್ಮ ಅಕ್ಕನ ಬಗ್ಗೆ ಕಂಪನಿಯಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು. "ಅವರಿಗೆ ಕೋಪಾನೂ ಮೂಗಿನ ತುದೀಲೇ, ಅನ್ನಾನೂ ಮೂಗಿನ ತುದೀಲೇ" ಎಂದು. ಕೆಳಗಿನ ಮಹಡಿಯ ಪ್ಯಾಕಿಂಗಿನವರು ಹುಟ್ಟಿಸಿದ ಮಾತು. ಅಕ್ಕನ ಕಿವಿಗೂ ಬಿದ್ದಿತ್ತು. "ಸದ್ಯ, ನಾಲಿಗೆ ಬಗ್ಗೆ ಏನೂ ಹೇಳ್ಲಿಲ್ವಲ್ಲ" ಎಂದು ನಕ್ಕಿದ್ದಳು.

ನಮ್ಮ ಕಂಪನಿ ವಿಸ್ಕಿ ತಯಾರಿಸುತ್ತಿರಲಿಲ್ಲ. ಸ್ಕಾಟ್ಲೆಂಡಿನ ಭಟ್ಟಿಗಳಿಂದ ಪೀಪಾಯಿಗಟ್ಟಲೆ ಕೊಂಡು, ಹದಕ್ಕೆ ಬರುವವರೆಗೆ ಅಲ್ಲಿಯ ಗೋದಾಮಿನಲ್ಲೇ ಇಟ್ಟು, ಅಲ್ಲೇ ಬಾಟಲಿ ತುಂಬಿಸಿ, ನಮ್ಮ ಚೀಟಿ ಅಂಟಿಸಿ ಮಾರುವುದು ನಮ್ಮ ವ್ಯಾಪಾರ. ಪ್ರತಿ ಪೀಪಾಯಿಯ ಮಾದರಿಯೂ ಬೆರಳುದ್ದದ ಶೀಷೆಯಲ್ಲಿ ನಮ್ಮ ಆಫೀಸಿಗೆ ಬರುತ್ತಿತ್ತು. ಅದನ್ನು ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿ, ಆಗಬಹುದು ಇಲ್ಲವೇ ಬೇಡ ಎಂದು ಹೇಳುವವಳು ಅಕ್ಕ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದಳು. ಅದರಲ್ಲಿ ಕೊನೆಯ ಹದಿನಾರು ವರ್ಷ ನಾನು ಅವಳ ಪಕ್ಕದ ಕುರ್ಚಿಯಲ್ಲಿದ್ದೆ.

ಅಮ್ಮ ತೀರಿಕೊಂಡಾಗ ನನಗೆ ಐದು, ಅಕ್ಕನಿಗೆ ಹದಿನಾರು. ಅಪ್ಪ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸದವನು. ಎರಡು ಕೋಣೆಯ ಮನೆ; ಮುಂದಿನದರಲ್ಲಿ ಅಪ್ಪನ ಕೆಲಸ, ಹಿಂದಿನದರಲ್ಲಿ ನಮ್ಮ ವಾಸ. ಅಂಟು, ಚರ್ಮ, ಹಳೆಯ ಕಾಗದ, ಇವುಗಳ ವಾಸನೆಯಲ್ಲೇ ಬೆಳೆದೆವು. ಆಡಲು ಬೇರೆ ಸಾಮಾನು ಇರಲಿಲ್ಲವಾಗಿ ಅಕ್ಕ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಮೂಗಿನ ಹತ್ತಿರ ಒಂದೊಂದೇ ವಸ್ತು ಹಿಡಿಯುತ್ತಿದ್ದಳು. ಒದ್ದೆ ಸ್ಲೇಟು, ಬಿಸಿ ಇಸ್ತ್ರಿಪೆಟ್ಟಿಗೆ, ಅಪ್ಪನ ಟೋಪಿಯ ಒಳಭಾಗ. ತಪ್ಪು ಹೇಳಿದರೆ ತಲೆಗೊಂದು ಮೊಟಕು. "ನೆನಪಿಗೆ ಬಂದಿದ್ದು ಹೇಳ್ಬೇಡ, ಮೂಗಿಗೆ ಬಂದಿದ್ದು ಹೇಳು" ಎನ್ನುತ್ತಿದ್ದಳು.

ಅಕ್ಕ ಕಂಪನಿಗೆ ಸೇರಿದ್ದು ಗ್ಲಾಸು ತೊಳೆಯುವ ಕೆಲಸಕ್ಕೆ. ಆಗ ಅಲ್ಲಿ ರುಚಿ ನೋಡುತ್ತಿದ್ದವರು ಒಬ್ಬ ಮುದುಕರು. ಒಂದು ದಿನ ಅವರು ಒಪ್ಪಿ ಸಹಿ ಹಾಕಿ ಕಳಿಸಿದ ಗ್ಲಾಸನ್ನು ಅಕ್ಕ ತೊಳೆಯುವ ಮುಂಚೆ ಮೂಸಿ, ನೇರ ಅವರ ಮುಂದೆ ಹೋಗಿ, "ಇದು ಬಂದ ಶೀಷೆಯ ಬಿರಡೆ ಕೆಟ್ಟಿದೆ, ನೆಂದ ರಟ್ಟಿನ ವಾಸನೆ ಬರ್ತಿದೆ" ಎಂದಳಂತೆ. ಮುದುಕರಿಗೆ ಸಿಟ್ಟು ಬಂತು. ಆದರೆ ಮತ್ತೊಮ್ಮೆ ಮೂಸಿ ನೋಡಿದರು, ಸಹಿಯನ್ನು ಹೊಡೆದು ಹಾಕಿದರು. ಮರುವಾರ ಗ್ಲಾಸು ತೊಳೆಯಲು ಬೇರೊಬ್ಬಳು ಬಂದಳು.

ನನ್ನನ್ನು ಓದಿಸುವ ಭರದಲ್ಲಿ ಅವಳ ಮದುವೆಯ ಮಾತು ಹಿಂದೆ ಬಿತ್ತು. ಆಮೇಲೆ ಅಪ್ಪನೂ ಅದನ್ನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನನ್ನ ಮದುವೆಯನ್ನು ಅವಳೇ ಮುಂದೆ ನಿಂತು ಮಾಡಿದಳು. ನನ್ನ ಗಂಡ ಅದೇ ಕಂಪನಿಗೆ ಪೀಪಾಯಿ ಕೊಳ್ಳುವವನು; ಊರೂರು ತಿರುಗಿ ವೈನ್ ಮಾಡುವವರ ಹತ್ತಿರ ಖಾಲಿಯಾದ ಪೀಪಾಯಿ ಆರಿಸಿ, ಕ್ರಯಕ್ಕೆ ತೆಗೆದುಕೊಂಡು ಸ್ಕಾಟ್ಲೆಂಡಿನ ಗೋದಾಮಿಗೆ ಕಳಿಸುವುದು ಅವನ ಕೆಲಸ. ಮಾತುಗಾರ. ಪೀಪಾಯಿ ಮಾರುವವರೇ ಅವನ ಮಾತಿಗೆ ಮರುಳಾಗುತ್ತಿದ್ದರು ಎನ್ನುತ್ತಿದ್ದರು. ಆದರೆ ಮೈಗಳ್ಳ. ಈ ಎರಡನೆಯ ವಿಷಯ ಮದುವೆಯಾದ ಮೇಲೆ ನನಗೆ ತಿಳಿಯಿತು, ಅಕ್ಕನಿಗೆ ಮೊದಲೇ ತಿಳಿದಿತ್ತೇನೋ. ಒಮ್ಮೆ ಸೋರುವ ಪೀಪಾಯಿಗಳನ್ನು ನೋಡದೆ ಕೊಂಡಿದ್ದರಿಂದ ಕಂಪನಿಯ ಸಾಕಷ್ಟು ವಿಸ್ಕಿ ನೆಲದ ಪಾಲಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ನೀವು ಬೇರೆ ಕಡೆ ನೋಡ್ಕೋಬೇಕಾಗುತ್ತೆ" ಎಂದು ಕಂಪನಿಯ ಯಜಮಾನರು ಅವನಿಗೆ ನೇರವಾಗಿಯೇ ಹೇಳಿದ್ದರು.

ಅದಾದ ಮರುವರ್ಷ ಯಜಮಾನರಿಗೆ ಒಂದು ಆಸೆ ಹುಟ್ಟಿತು. ನಮ್ಮ ಹತ್ತಿರ ಹನ್ನೊಂದು ವರ್ಷದ ಹೊಗೆಯ ವಿಸ್ಕಿ ಇತ್ತು. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಎನ್ನುವ ಮಣ್ಣಿನ ಹೆಂಟೆಗಳನ್ನು ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ ಮಾಡಿದ್ದು. ಅದನ್ನು ಕೆಂಪು ವೈನ್ ಇದ್ದ ಪೀಪಾಯಿಗಳಿಗೆ ವರ್ಗಾಯಿಸಿ ಒಂದು ವರ್ಷ ಇಟ್ಟರೆ ಹೊಗೆಗೆ ಹಣ್ಣಿನ ಸಿಹಿ ಕೂಡುತ್ತದೆ, ಅದನ್ನೇ ಮುಂದಿನ ವರ್ಷದ ವಿಶೇಷ ಎಂದು ಹೊರತರೋಣ ಎಂದರು. ಅಕ್ಕನೂ ಒಪ್ಪಿದಳು. ಇಪ್ಪತ್ತೆರಡು ಪೀಪಾಯಿ ಬೇಕಾದವು. ನನ್ನ ಗಂಡ ಹೋಗಿ ಕೊಂಡು, ಸಾಗಿಸಿ ಬಂದ. ವಿಸ್ಕಿ ತುಂಬಿಸಿದರು.

ವರ್ಷ ಕಳೆದು ಮಾದರಿಗಳು ಬಂದ ವಾರ, ಭಾನುವಾರ ಬೆಳಿಗ್ಗೆ, ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದೆ. ಅವನು ಬಂದು ಎದುರು ಕೂತು ಒಂದು ದಿಂಬಿನ ಚೀಲ ತೆಗೆದುಕೊಂಡ. ಅವನು ಬಟ್ಟೆ ಮಡಿಸಲು ಕೂತನೆಂದರೆ ಏನೋ ಇದೆ ಎಂದೇ ಅರ್ಥ.

"ಆ ಪೀಪಾಯಿಗಳಲ್ಲಿ ನಾನು ಮೂಸಿ ನೋಡಿದ್ದು ಎರಡೇ," ಎಂದ.

"ಉಳಿದ ಇಪ್ಪತ್ತು?"

"ದಲ್ಲಾಳಿ ಹೇಳಿದ, ವೈನ್ ತೆಗೆದು ಒಂದು ವಾರ ಆಗಿದೆ ಅಷ್ಟೇ ಅಂತ. ನಂಬಿದೆ. ಆಮೇಲೆ ಗೊತ್ತಾಯ್ತು, ಬೇಸಿಗೆ ಪೂರ್ತಿ ಖಾಲಿ ಬಿದ್ದಿದ್ವಂತೆ."

ಖಾಲಿ ವೈನ್ ಪೀಪಾಯಿ ಬೂಷ್ಟು ಹಿಡಿಯದಿರಲಿ ಎಂದು ಒಳಗೆ ಗಂಧಕದ ಬತ್ತಿ ಉರಿಸುತ್ತಾರೆ. ಒಂದು ಸಲ ಉರಿಸಿದರೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ಖಾಲಿ ಇಟ್ಟು ಮತ್ತೆ ಮತ್ತೆ ಉರಿಸಿದರೆ ಗಂಧಕ ಮರಕ್ಕೇ ಇಳಿಯುತ್ತದೆ. ಆಮೇಲೆ ಅದರಲ್ಲಿ ಏನು ಹಾಕಿದರೂ ಅದಕ್ಕೂ ಇಳಿಯುತ್ತದೆ.

"ಅಕ್ಕನಿಗೆ ಈಗ್ಲೇ ಹೇಳ್ಬಿಡು," ಎಂದೆ.

"ಹೇಳಿದ್ರೆ ನನ್ನ ಕಥೆ ಮುಗೀತು. ಹೊಗೆ ವಿಸ್ಕಿ ತಾನೇ? ಹೊಗೇಲಿ ಯಾರಿಗೆ ಗೊತ್ತಾಗುತ್ತೆ." ದಿಂಬಿನ ಚೀಲವನ್ನು ಸೊಟ್ಟಗೆ ಮಡಿಸಿಟ್ಟು ಎದ್ದು ಹೋದ.

ರುಚಿ ನೋಡುವ ಕೋಣೆ ಎರಡನೆಯ ಮಹಡಿಯಲ್ಲಿತ್ತು, ಬಿಸಿಲು ಬೀಳದ ಕಡೆ. ಬಿಳಿ ಮೇಜು, ಒಂದು ಸಿಂಕು, ಉಗುಳಲು ತಗಡಿನ ಡಬ್ಬಿಗಳು, ಬಣ್ಣ ಕಾಣದಿರಲೆಂದು ಗಾಢ ನೀಲಿ ಗ್ಲಾಸುಗಳು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಕೆಲಸ ಶುರು. ಹೊಟ್ಟೆ ಸ್ವಲ್ಪ ಹಸಿದಿರುವಾಗ ಮೂಗು ಚುರುಕು ಎಂದು ಅಕ್ಕನ ನಿಯಮ. ಸುವಾಸನೆಯ ಸೋಪು ಹಾಕಿಕೊಂಡು ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದಳು, ಯಜಮಾನರಾದರೂ ಸರಿ.

ಆ ದಿನ ಮೇಜಿನ ಸುತ್ತ ನಾಲ್ವರಿದ್ದೆವು. ಅಕ್ಕ, ನಾನು, ಯಜಮಾನರು, ಜೊತೆಗೆ ಹೋಟೆಲ್ ಕೆಲಸ ಕಲಿಸುವ ಶಾಲೆಯಿಂದ ಕರೆಸಿದ್ದ ಒಬ್ಬ ಮೇಷ್ಟ್ರು. ದಪ್ಪ ಮೀಸೆ ಇದ್ದದ್ದರಿಂದ ಎಲ್ಲರೂ ಅವರನ್ನು ಮೀಸೆ ಮೇಷ್ಟ್ರು ಎನ್ನುತ್ತಿದ್ದರು. ಹಿಂದಿನ ತಿಂಗಳು ಅಕ್ಕ ಜ್ವರ, ನೆಗಡಿಯಲ್ಲಿ ಹತ್ತು ದಿನ ಮಲಗಿದ್ದಳು. ಕೆಲಸಕ್ಕೆ ಮರಳಿ ಎರಡು ವಾರವಾಗಿತ್ತು. ಇಪ್ಪತ್ತೆರಡು ಪೀಪಾಯಿಯ ಮಾದರಿಗಳನ್ನೂ ಒಟ್ಟಿಗೆ ಬೆರೆಸಿ ನಾಲ್ಕು ಗ್ಲಾಸಿಗೆ ಹಾಕಿದ್ದರು.

ನಾನು ಮೂಸಿದೆ. ಮೊದಲು ಬಂದದ್ದು ಹೊಗೆ. ನೀರೆರಚಿ ಆರಿಸಿದ ಸೌದೆಯ ಹೊಗೆ, ಡಾಂಬರು ಬಳಿದ ಹಗ್ಗ, ಗಾಯಕ್ಕೆ ಹಚ್ಚುವ ಕಂದು ಔಷಧಿ. ಅದರ ಕೆಳಗಿನಿಂದ ನಿಧಾನವಾಗಿ ವೈನಿನ ಸಿಹಿ ಎದ್ದಿತು: ಮಿದುವಾದ ಪ್ಲಮ್ ಹಣ್ಣು, ಒಣದ್ರಾಕ್ಷಿ, ದ್ರಾಕ್ಷಿ ಸಿಪ್ಪೆಯ ಒಗರು. ಎಷ್ಟು ಚೆನ್ನಾಗಿತ್ತೆಂದರೆ ಒಂದು ಕ್ಷಣ ನನ್ನ ಎದೆ ಹಗುರಾಯಿತು. ಆಮೇಲೆ ಆ ಹೊಗೆಗೂ ಹಣ್ಣಿಗೂ ನಡುವಿನ ಸಂದಿಯಿಂದ ಅದು ಬಂತು. ಆಗಷ್ಟೇ ಗೀರಿದ ಬೆಂಕಿಕಡ್ಡಿ. ಅದರ ಬೆನ್ನಿಗೆ ಸುಟ್ಟ ರಬ್ಬರು, ಎಲೆಕೋಸು ಬೇಯಿಸಿದ ನೀರು. ಬಾಯಿಗೆ ಹಾಕಿದೆ. ಉಗುಳಿದ ಮೇಲೂ ಗಂಟಲಿನ ಹಿಂದೆ ಕಹಿ ನಿಂತಿತು, ತುಕ್ಕು ಹಿಡಿದ ಚಮಚ ನೆಕ್ಕಿದ ಹಾಗೆ.

"ಅದ್ಭುತವಾಗಿದೆ," ಎಂದರು ಯಜಮಾನರು.

"ಹೊಗೆ ಭರ್ಜರಿಯಾಗಿದೆ," ಎಂದರು ಮೇಷ್ಟ್ರು.

ಅಕ್ಕ ಗ್ಲಾಸಿಗೆ ನಾಲ್ಕು ಹನಿ ನೀರು ಹಾಕಿ, ಅಂಗೈಯಿಂದ ಮುಚ್ಚಿ ಕುಲುಕಿ, ಮತ್ತೆ ಮೂಸಿದಳು. "ಗಂಧಕ ಇದೆ," ಎಂದಳು. "ಒಂದೆರಡು ಪೀಪಾಯೀದಲ್ಲ. ಬಹಳಷ್ಟರಲ್ಲಿದೆ. ಇದನ್ನ ಬಿಡೋ ಹಾಗಿಲ್ಲ."

ಯಜಮಾನರು ಮತ್ತೆ ಮೂಸಿ ಇಲ್ಲವೆಂದು ತಲೆಯಾಡಿಸಿದರು. ಮೇಷ್ಟ್ರು ಮೀಸೆ ಒರೆಸಿಕೊಂಡು, "ಅದು ಪೀಟ್ ಹೊಗೇನೇ ಅಮ್ಮ. ನಂಗೆ ಬೇರೇನೂ ಬರ್ತಿಲ್ಲ," ಎಂದರು. ಗಂಧಕ ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ಅದು ಅವರ ತಪ್ಪಲ್ಲ, ಮೂಗಿನ ಹುಟ್ಟುಗುಣ. ಯಜಮಾನರ ಮೂಗು ಅಂಥದ್ದೆಂದು ನಮಗಿಬ್ಬರಿಗೂ ಗೊತ್ತಿತ್ತು.

"ನಿಮಗೆ ಅದು ಯಾವತ್ತು ಸಿಕ್ಕಿದೆ, ಬಿಡಿ," ಎಂದು ಯಜಮಾನರಿಗೆ ಹೇಳಿ ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆತಂಕವೇನೂ ಇರಲಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವಷ್ಟೇ ಸಹಜವಾಗಿ, "ನೀನು ಹೇಳು," ಎಂದಳು.

ನನ್ನ ಕಣ್ಣ ಮುಂದೆ ಬಂದದ್ದು ಸೊಟ್ಟಗೆ ಮಡಿಸಿದ ಆ ದಿಂಬಿನ ಚೀಲ. ಗ್ಲಾಸನ್ನು ಇನ್ನೊಮ್ಮೆ ಎತ್ತಿ, ಮೂಸಿದಂತೆ ಮಾಡಿ ಕೆಳಗಿಟ್ಟೆ.

"ನಂಗೇನೂ ಸಿಗ್ತಿಲ್ಲ ಅಕ್ಕ."

"ಸರಿಯಾಗಿ ನೋಡು."

"ನೋಡಿದೆ. ಹೊಗೆ ಅಷ್ಟೇ."

ಅಕ್ಕ ನನ್ನನ್ನೇ ನೋಡಿದಳು. ನಾನು ಸುಳ್ಳು ಹೇಳಬಹುದೆಂಬ ಅನುಮಾನ ಆ ನೋಟದಲ್ಲಿ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ. ಅವಳು ತನ್ನ ಗ್ಲಾಸಿನ ಕಡೆ ನೋಡಿದಳು, ಅನುಮಾನವೆಲ್ಲ ಅದರ ಮೇಲಿತ್ತು. ತೋಳಿನ ಮಡಿಕೆಗೆ ಮೂಗಿಟ್ಟು ಉಸಿರೆಳೆದು ಮೂಗನ್ನು ತಿಳಿಗೊಳಿಸಿಕೊಂಡು ಮತ್ತೆ ಮೂಸಿದಳು. ಮತ್ತೆ. ಐದಾರು ಸಲ.

"ಹೋದ ತಿಂಗಳು ಜ್ವರ ಬಂದಿತ್ತಲ್ಲ ನಿಮಗೆ," ಎಂದರು ಯಜಮಾನರು ಮೆತ್ತಗೆ. "ಪೂರ್ತಿ ಸುಧಾರಿಸಿಲ್ಲ ಅನ್ಸುತ್ತೆ."

ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿ ಎಂದು ಅಕ್ಕ ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅವಳಿಗೆ ನನ್ನ ಮಾತು ಪ್ರಯೋಗಾಲಯಕ್ಕಿಂತ ಹೆಚ್ಚಾಗಿತ್ತು.

ಅಂದು ಮನೆಗೆ ಹೋದಾಗ ನನ್ನ ಗಂಡ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. "ಏನೂ ಬರ್ಲಿಲ್ಲ ತಾನೇ?" ಎಂದ.

"ಬಂತು. ಅಕ್ಕನಿಗೂ ಬಂತು. ನಾನು ಇಲ್ಲ ಅಂದೆ."

ಅವನ ಚಾಕು ಒಂದು ಕ್ಷಣ ನಿಂತಿತು. ಆಮೇಲೆ ಬ್ರೆಡ್ಡಿನ ಅಂಚಿನವರೆಗೂ ನೀಟಾಗಿ ಸವರಿ ಮುಗಿಸಿದ.

ಮರುದಿನ ಸಂಜೆ ಅಕ್ಕ ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು: "ಯಜಮಾನರ ಮುಂದೆ ಹೇಳೋಕೆ ಸಂಕೋಚ ಆಯ್ತೇನೇ? ನನ್ನ ಹತ್ರ ಹೇಳು. ನಿಜವಾಗ್ಲೂ ಬರ್ಲಿಲ್ವಾ?"

ಮೊದಲನೆಯ ಸುಳ್ಳಿಗೆ ನೆಪವಿತ್ತು. ನಾಲ್ಕು ಜನರ ಎದುರು, ಗಾಬರಿಯಲ್ಲಿ, ಬಾಯಿಂದ ಜಾರಿದ್ದು ಎನ್ನಬಹುದು. ಎರಡನೆಯದಕ್ಕೆ ಏನೂ ಇಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಒಲೆಯ ಉರಿ ತಗ್ಗಿಸಿ, "ಇಲ್ಲ ಅಕ್ಕ, ನಿಜವಾಗ್ಲೂ ಬರ್ಲಿಲ್ಲ. ಒಂದ್ಸಲ ಡಾಕ್ಟರಿಗೆ ತೋರ್ಸೋಣ್ವಾ?" ಎಂದೆ.

ಕರೆದುಕೊಂಡು ಹೋದವಳೂ ನಾನೇ. ಮೂಗಿನ ಡಾಕ್ಟರು ದೀಪ ಬಿಟ್ಟು ನೋಡಿ, ಏನೂ ಕಾಣಿಸದೆ, "ಜ್ವರ ಬಂದು ಹೋದ್ಮೇಲೆ ಕೆಲವರಿಗೆ ಹೀಗಾಗುತ್ತೆ. ಇಲ್ಲದ ವಾಸನೆ ಬರುತ್ತೆ. ಹೆಚ್ಚಾಗಿ ಸುಟ್ಟ ವಾಸನೇನೇ," ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅಂಥದ್ದೊಂದು ಕಾಯಿಲೆ ಇದೆ. ಅಕ್ಕನಿಗೆ ಇರಲಿಲ್ಲ, ಅಷ್ಟೇ.

"ಸರಿ ಹೋಗುತ್ತಾ?" ಎಂದು ಕೇಳಿದಳು ಅಕ್ಕ.

"ಹೋಗ್ಬಹುದು. ಹೋಗ್ದೇನೂ ಇರ್ಬಹುದು."

ಮುಂದಿನ ಸೋಮವಾರ ಅವಳೇ ಯಜಮಾನರಿಗೆ ರಾಜೀನಾಮೆ ಕೊಟ್ಟಳು. ಅವರು ರಜೆ ತೆಗೆದುಕೊಳ್ಳಿ, ಆರು ತಿಂಗಳು ನೋಡೋಣ ಎಂದರೂ ಕೇಳಲಿಲ್ಲ. "ಕುರುಡ ಬಸ್ ಓಡಿಸಬಾರದು" ಎಂದಳಂತೆ. ಹೋಗುವಾಗ ತನ್ನ ಕುರ್ಚಿಯನ್ನು ನನ್ನ ಕಡೆ ತಳ್ಳಿ, "ಎತ್ತರ ಸರಿಮಾಡ್ಕೋ, ನೀನು ನನಗಿಂತ ಗಿಡ್ಡ" ಎಂದಳು.

ವಿಸ್ಕಿ ಹೊರಬಂತು. ಬಾಟಲಿಯ ಹಿಂದಿನ ವರ್ಣನೆ ಬರೆದವಳು ನಾನು. ಆರಿದ ಒಲೆಯ ಹೊಗೆ, ಮಾಗಿದ ಪ್ಲಮ್, ದೀರ್ಘವಾಗಿ ಉಳಿಯುವ ಗಂಭೀರ ಕಹಿ ಎಂದು ಬರೆದೆ. ಗಂಭೀರ ಎಂಬ ಪದ ಹುಡುಕಲು ಅರ್ಧ ದಿನ ಹಿಡಿಯಿತು. ಅದಕ್ಕೊಂದು ಪದಕವೂ ಬಂತು. ಪದಕ ಸ್ವೀಕರಿಸಲು ನನ್ನ ಗಂಡ ಹೊಸ ಕೋಟು ಹೊಲಿಸಿಕೊಂಡ.

ನಾಲ್ಕೈದು ತಿಂಗಳಾದ ಮೇಲೆ ಯಾರೋ ಗಿರಾಕಿಯ ಒಂದು ಪತ್ರ ಬಂತು. ದುಂಡು ಅಕ್ಷರ, ಜಗಳದ ಧಾಟಿಯಲ್ಲ. "ಇದರಲ್ಲಿ ನನಗೆ ಬೆಂಕಿಕಡ್ಡಿ ಗೀರಿದ ವಾಸನೆ, ಸುಟ್ಟ ರಬ್ಬರಿನ ವಾಸನೆ ಬರುತ್ತಿದೆ. ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿಲ್ಲ. ನನ್ನ ಮೂಗು ಕೆಟ್ಟಿದೆಯೋ, ನಿಮ್ಮ ವಿಸ್ಕಿಯೋ, ದಯವಿಟ್ಟು ತಿಳಿಸಿ" ಎಂದಿತ್ತು. ಮುಖ್ಯ ರುಚಿಪರೀಕ್ಷಕಿ ಎಂದು ಸಹಿ ಹಾಕಿ ಉತ್ತರ ಬರೆದೆ: ನಮ್ಮ ವಿಸ್ಕಿಯಲ್ಲಿ ದೋಷವಿಲ್ಲ, ಅದು ಪೀಟ್ ಹೊಗೆಯ ಗುಣ. ಹೀಗೆ ಇನ್ನೊಬ್ಬರ ಮೂಗನ್ನೂ ಸುಳ್ಳು ಮಾಡಿದೆ.

ಅಕ್ಕ ಮನೆಯಲ್ಲಿ ಉಳಿದಳು. ಅವಳ ಮನೆ ಐದನೆಯ ಮಹಡಿಯಲ್ಲಿ, ಪಕ್ಕದಲ್ಲಿ ಒಬ್ಬ ಟೀಚರ್. ವಾರಕ್ಕೊಮ್ಮೆ ನಾನು ಹೋಗುತ್ತಿದ್ದೆ, ಪ್ರತಿ ವಾರವೂ ಏನಾದರೊಂದು ಕಡಿಮೆಯಾಗಿರುತ್ತಿತ್ತು. ಮೊದಲು ಅಡುಗೆ ನಿಂತಿತು. ವಾಸನೆ ನಂಬುವ ಹಾಗಿಲ್ಲದ ಮೇಲೆ ರುಚಿಯೂ ನಂಬುವ ಹಾಗಿಲ್ಲ ಎಂದು ಬ್ರೆಡ್ಡು, ಡಬ್ಬಿಯ ಸೂಪು ತಿನ್ನತೊಡಗಿದಳು. ಹಾಲು ಕಾಯಿಸುವ ಮುಂಚೆ ಪಾತ್ರೆ ಹಿಡಿದು ಟೀಚರ್ ಮನೆಯ ಬೆಲ್ಲು ಒತ್ತುತ್ತಿದ್ದಳು. ಟೀಚರ್ ಮೂಸಿ, ಚೆನ್ನಾಗಿದೆ ಎಂದರೆ ಒಳಗೆ ಬಂದು ಕಾಯಿಸುತ್ತಿದ್ದಳು. ಒಂದು ದಿನ ನಾನಿದ್ದಾಗಲೇ ಚೆನ್ನಾಗಿದ್ದ ಬೆಣ್ಣೆಯನ್ನು ಕಸಕ್ಕೆ ಹಾಕಿದಳು.

"ಚೆನ್ನಾಗೇ ಇದೆಯಲ್ಲ ಅಕ್ಕ," ಎಂದೆ.

"ನಂಗೂ ಹಾಗೇ ಅನ್ಸಿತು," ಎಂದಳು. "ಅದಕ್ಕೇ ಹಾಕಿದೆ."

ಆಗಲೂ ಹೇಳಬಹುದಿತ್ತು. ಪ್ರತಿ ವಾರ ಮೆಟ್ಟಿಲು ಹತ್ತುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಇಳಿಯುವಾಗ ಮುಂದಿನ ವಾರ ಎಂದುಕೊಳ್ಳುತ್ತಿದ್ದೆ. ಹೀಗೆ ಎರಡು ವರ್ಷ ಹತ್ತಿ ಇಳಿದೆ.

ಮೂರನೆಯ ವರ್ಷದ ಆರಂಭದಲ್ಲಿ, ಒಂದು ಮಧ್ಯಾಹ್ನ ಟೀಚರ್ ಆಫೀಸಿಗೆ ಫೋನ್ ಮಾಡಿದರು. ಅಕ್ಕನ ಅಡುಗೆಮನೆಯಲ್ಲಿ ಬೆಂಕಿ ಹತ್ತಿತ್ತು. ಗೋಡೆಯ ಸ್ವಿಚ್ಚಿನ ಪೆಟ್ಟಿಗೆಯೊಳಗೆ ತಂತಿ ಕಾದು, ಕಿಟಕಿಯ ಪರದೆಗೆ ಹತ್ತಿಕೊಂಡು, ಅಲ್ಲಿಂದ ಕಪಾಟಿಗೆ ಹಬ್ಬಿತ್ತು. ಅಕ್ಕ ಬರಿಗೈಯಲ್ಲಿ ಪರದೆ ಎಳೆದು ಕೆಡವಿದ್ದಳು. ಎರಡೂ ಕೈ, ಮೊಣಕೈವರೆಗೂ ಸುಟ್ಟಿದ್ದವು.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಪಕ್ಕದ ಹಾಸಿಗೆ. ಕೈಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು. ಅವಳ ಮುಖದಲ್ಲಿ ನೋವಿಗಿಂತ ನಾಚಿಕೆಯೇ ಹೆಚ್ಚಿತ್ತು.

"ವಾಸನೆ ಬಂದಿತ್ತು ಕಣೆ," ಎಂದಳು ನನ್ನನ್ನು ನೋಡಿದ ಕೂಡಲೇ. "ಒಂದು ಗಂಟೆ ಮುಂಚೇನೇ ಬಂದಿತ್ತು, ಪ್ಲಾಸ್ಟಿಕ್ ಸುಟ್ಟಿದ್ದು. ನಾನು ಅದೇ ಇರಬೇಕು, ಡಾಕ್ಟರು ಹೇಳಿದ್ದು, ಇಲ್ಲದ ವಾಸನೆ ಅಂದ್ಕೊಂಡು ಪೇಪರ್ ಓದ್ತಾ ಕೂತಿದ್ದೆ. ಟೀಚರನ್ನ ಕೇಳೋಣ ಅಂದ್ರೆ ಬೆಳಿಗ್ಗೆ ತಾನೇ ಹಾಲಿಗೆ ತೊಂದರೆ ಕೊಟ್ಟಿದ್ದೆ. ಎಷ್ಟು ಸಲ ಅಂತ ಕೇಳೋದು."

ಮರುದಿನ ಬೆಳಿಗ್ಗೆ ಗಂಡನಿಗೆ, "ಅಕ್ಕನಿಗೆ ಎಲ್ಲ ಹೇಳ್ಬಿಡ್ತೀನಿ," ಎಂದೆ.

ಅವನು ಶೂ ಹಾಕಿಕೊಳ್ಳುತ್ತಿದ್ದ. "ಈಗ ಹೇಳಿದ್ರೆ ಅವರ ಕೈ ವಾಸಿಯಾಗುತ್ತಾ? ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅತ್ತಿಗೆ ತಲೆ ಮೇಲೆ ಯಾಕೆ ಇನ್ನೊಂದು ಭಾರ ಹೊರಿಸ್ತೀಯ."

ಆದರೂ ಹೋದೆ. ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತೆ.

"ಅಕ್ಕ, ಆ ವಿಸ್ಕೀಲಿ ಗಂಧಕ ಇತ್ತು."

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಂಗೇ ಬಂದಿತ್ತು."

"ಯಾವಾಗ?"

"ಅವತ್ತೇ. ಮೊದಲ್ನೇ ಸಲ ಮೂಸಿದಾಗ್ಲೇ."

ಅವಳು ನಿಧಾನಕ್ಕೆ ನನ್ನ ಕಡೆ ತಿರುಗಿದಳು. ನಾನು ಪೀಪಾಯಿಗಳ ಕಥೆ ಹೇಳಿದೆ, ಗಂಡ ಎರಡನ್ನೇ ಮೂಸಿದ್ದು, ದಲ್ಲಾಳಿ ಹೇಳಿದ್ದು, ಯಜಮಾನರು ಮೊದಲೇ ಎಚ್ಚರಿಸಿದ್ದು. ಅವಳು ಅದನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ.

"ಆಮೇಲೆ ನಿನ್ನ ಅಡುಗೆಮನೇಲಿ ಕೇಳ್ದೆನಲ್ಲ, ಆಗ?"

"ಆಗ್ಲೂ ಗೊತ್ತಿತ್ತು."

"ಡಾಕ್ಟರ ಹತ್ರ ನೀನೇ ಕರ್ಕೊಂಡು ಹೋದೆ."

"ಹೌದು."

"ಹೊರಗೆ ಬಂದ್ಮೇಲೆ ನಾನು ಅತ್ತೆ. ನೀನು ನನ್ನ ಬೆನ್ನು ಸವರಿದೆ."

ಪಕ್ಕದ ಹಾಸಿಗೆಯವರನ್ನು ನೋಡಲು ಬಂದವರು ಏನೋ ತಮಾಷೆಗೆ ನಗುತ್ತಿದ್ದರು. ಅಕ್ಕ ಅವರ ನಗು ಮುಗಿಯುವತನಕ ಕಾದಳು.

"ಎರಡು ವರ್ಷ ಟೀಚರ್ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡ್ಕೊಂಡು ನಿಂತೆ ಕಣೆ, ಭಿಕ್ಷೆಗೆ ನಿಂತ ಹಾಗೆ. ನಿನ್ನ ಗಂಡನ ಕೆಲಸ ಹೋಗಿದ್ರೆ ಬೇರೆ ಕೆಲಸ ಸಿಗ್ತಿತ್ತು. ನಂಗೆ ಬೇರೆ ಮೂಗು ಎಲ್ಲಿ ಸಿಗ್ತಿತ್ತು?"

"ತಪ್ಪಾಯ್ತು ಅಕ್ಕ."

"ತಪ್ಪಲ್ಲ ಅದು. ತಪ್ಪು ಅಂದ್ರೆ ಗೊತ್ತಿಲ್ದೆ ಆಗೋದು." ಆಮೇಲೆ ಕಣ್ಣು ಮುಚ್ಚಿ, ಮೂಗಿನಿಂದ ಉದ್ದಕ್ಕೆ ಉಸಿರೆಳೆದಳು. ಆ ಕೋಣೆಯ ಔಷಧಿ, ಒಗೆದ ಹಾಸಿಗೆ ಬಟ್ಟೆ, ಯಾರದೋ ಡಬ್ಬಿಯಲ್ಲಿದ್ದ ಸೂಪು, ಸುಟ್ಟ ತನ್ನದೇ ಚರ್ಮ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು ಎಂದು ನನಗೆ ಗೊತ್ತಾಯಿತು. ಕಣ್ಣು ತೆರೆದಾಗ ನಾನು ಇನ್ನೂ ಅಲ್ಲೇ ಇದ್ದದ್ದು ಕಂಡು, "ನೀನಿನ್ನು ಹೋಗು. ಕಟ್ಟು ಬದಲಾಯ್ಸೋಕೆ ಬರ್ತಾರೆ," ಎಂದಳು.

ಮರುದಿನ ನಾನು ಯಜಮಾನರಿಗೂ ಹೇಳಿದೆ. ರಾಜೀನಾಮೆ ಬರೆದುಕೊಂಡೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು. "ಪಾಪ, ಎಂಥ ಹೆಣ್ಣುಮಗಳು," ಎಂದರು. ಅದರಲ್ಲಿ ಕಪಟವಿರಲಿಲ್ಲ. ಅಕ್ಕನ ಆಸ್ಪತ್ರೆಯ ಖರ್ಚೆಲ್ಲ ಕಂಪನಿಯದು, ಕುರ್ಚಿ ಯಾವಾಗ ಬೇಕಾದರೂ ಅವಳದೇ ಎಂದು ಅಲ್ಲೇ ಪತ್ರ ಬರೆಸಿದರು. ಆಮೇಲೆ ನನ್ನ ರಾಜೀನಾಮೆಯನ್ನು ನನ್ನ ಕಡೆಗೇ ಸರಿಸಿದರು.

"ಇಬ್ಬರೂ ಹೋದ್ರೆ ನಾನೇನ್ಮಾಡ್ಲಿ. ಅವರು ಬರೋತನಕ ನೀವಿರಿ." ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು: "ಇನ್ನೊಂದು ಮಾತು. ಆ ವಿಸ್ಕಿ ಒಂದು ಬಾಟಲಿಯೂ ಉಳಿದಿಲ್ಲ. ಅಂಗಡಿಯವರು ಅದೇ ಬೇಕು ಅಂತ ಪ್ರಾಣ ತಿಂತಿದ್ದಾರೆ. ಅದು ಗಂಧಕಾನೋ ಏನೋ, ಜನಕ್ಕೆ ಹಿಡಿಸಿದೆ. ನಿಮ್ಮ ಮನೆಯವರಿಗೆ ಹೇಳಿ, ಅದೇ ದಲ್ಲಾಳಿ ಹತ್ರ ಅಂಥವೇ ಪೀಪಾಯಿ ಸಿಕ್ಕಿದ್ರೆ ತರಲಿ."

ತಂದ. ಈ ಸಲ ಅಷ್ಟೂ ಪೀಪಾಯಿಗಳನ್ನು ಒಂದೊಂದಾಗಿ ಮೂಸಿ ಆರಿಸಿ ತಂದ.

ಅಕ್ಕ ಯಜಮಾನರ ಪತ್ರವನ್ನು ಹಿಂದಕ್ಕೆ ಕಳಿಸಿದಳು. ಖರ್ಚನ್ನೂ ಅವಳೇ ಕಟ್ಟಿಕೊಂಡಳು. ಆಸ್ಪತ್ರೆಯಿಂದ ಬಿಟ್ಟ ದಿನ ನಾನು ಹೋಗುವಷ್ಟರಲ್ಲಿ ಟೀಚರ್ ಕರೆದುಕೊಂಡು ಹೋಗಿಯಾಗಿತ್ತು. ಅಕ್ಕನ ಮನೆಯ ಬೆಲ್ಲು ಒತ್ತಿದರೆ ಟೀಚರೇ ಬಾಗಿಲು ತೆರೆದು, ಮಲಗಿದ್ದಾರೆ ಎನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ ಆ ಮನೆಗೆ ಬೇರೆಯವರು ಬಂದರು.

ಅವಳು ಎಲ್ಲಿದ್ದಾಳೆಂದು ತಿಳಿಯಲು ಸುಮಾರು ಒಂದು ವರ್ಷ ಹಿಡಿಯಿತು. ಇನ್ನೊಂದು ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ನಲ್ಲಿಗಳಿಗೆ ಬಿಡುವ ನೀರಿನ ಮಾದರಿಯನ್ನು ದಿನಕ್ಕೆರಡು ಸಲ ಮೂಸಿ, ಕೆಸರೋ, ಪಾಚಿಯೋ, ಔಷಧಿಯೋ, ಏನಾದರೂ ಇದ್ದರೆ ಹೇಳುವುದು. ಅಂಥ ಕೆಲಸವೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ. ರೈಲು ಹತ್ತಿ ಹೋದೆ.

ಊಟದ ಬಿಡುವಿನ ಹೊತ್ತು. ಅವಳು ಬಿಳಿ ಕೋಟು ಹಾಕಿಕೊಂಡು, ತನ್ನಷ್ಟೇ ವಯಸ್ಸಿನ ಇನ್ನೊಬ್ಬ ಹೆಂಗಸಿನ ಜೊತೆ ಏನೋ ಮಾತಾಡಿ ನಗುತ್ತ ಮೆಟ್ಟಿಲು ಇಳಿದು ಬಂದಳು. ಕೈಗಳ ಮೇಲಿನ ಚರ್ಮ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದಿತ್ತು. ಮೈ ತುಂಬಿಕೊಂಡಿದ್ದಳು. ನನ್ನನ್ನು ಕಂಡು ನಿಂತಳು. ಕೋಪ ಮಾಡಿಕೊಳ್ಳಲಿಲ್ಲ. ಬೈಯುತ್ತಾಳೆ, ತಲೆಗೊಂದು ಮೊಟಕುತ್ತಾಳೆ, ಅತ್ತರೂ ಅಳುತ್ತಾಳೆ ಎಂದು ರೈಲಿನಲ್ಲಿ ಕೂತು ಏನೇನೋ ಅಂದುಕೊಂಡಿದ್ದೆ.

"ಓ, ನೀವಾ. ಬನ್ನಿ," ಎಂದಳು. "ಯಾವಾಗ ಬಂದ್ರಿ?"

ಜೊತೆಯಲ್ಲಿದ್ದ ಹೆಂಗಸು ನನ್ನನ್ನೂ ಅವಳನ್ನೂ ನೋಡಿ, "ಯಾರು ಇವರು? ಮುಖ ನಿಮ್ಮ ಹಾಗೇ ಇದೆಯಲ್ಲ," ಎಂದು ಕೇಳಿದಳು.

"ಹಿಂದೆ ಒಂದೇ ಕಡೆ ಕೆಲಸ ಮಾಡ್ತಿದ್ವಿ," ಎಂದಳು ಅಕ್ಕ. ನನ್ನ ಕಡೆ ತಿರುಗಿ, "ಊಟ ಆಯ್ತಾ ನಿಮ್ದು? ಇಲ್ಲೇ ಕ್ಯಾಂಟೀನ್ ಇದೆ. ನಂಗೆ ಒಂದೂವರೆಗೆ ಮತ್ತೆ ಮಾದರಿ ಬರುತ್ತೆ, ಅಷ್ಟರಲ್ಲಿ ಹೋಗ್ಬೇಕು," ಎಂದು ಗೋಡೆಯ ಗಡಿಯಾರ ನೋಡಿದಳು.